ಕೆಂಪು ರಿಬ್ಬನ್ನಿನ ಹುಡುಗಿ

ದೀಪಾವಳಿ ಕಳೆದು ಇನ್ನೂ ತಿಂಗಳಾಗಿರಲಿಲ್ಲ, ಹುಸೇನಪೀರ ದೇವದುರ್ಗಕ್ಕೆ ಬಂದ. ಪೋತ್ನಾಳದ ಬಸ್ಸು ನಿಲ್ಲುವ ಜಾಗದ ಎದುರಿಗೆ ಚಹಾದ ಹೋಟೆಲು ನಡೆಸುವ ಮನುಷ್ಯ. ಒಲೆ ಬಿಟ್ಟು ಮಾನ್ವಿಗೂ ಹೋಗದವನು ಎರಡು ಬಸ್ಸು ಬದಲಿಸಿ ಬಂದು ಜೂನಿಯರ್ ಕಾಲೇಜಿನ ಗೇಟಿನ ಹತ್ತಿರ ನಿಂತಿದ್ದ. ಪಾಠ ಮುಗಿಸಿ ಹೊರಬಂದ ಆದೆಮ್ಮ ಅವನನ್ನು ಕಂಡು ಅತ್ತೆ ಹೋದಳೆಂದೇ ತಿಳಿದಳು. ಹಾಗೆ ತಿಳಿದರೂ ಎದೆ ಹೊಡೆದುಕೊಳ್ಳಲಿಲ್ಲ. ಗಂಡ ಹೋದಾಗಿನಿಂದ ಅವಳಿಗೆ ಹೀಗೇ ಆಗಿತ್ತು. ಕೆಟ್ಟ ಸುದ್ದಿ ಬಂದರೆ ಒಳಗೆ ಏನೋ ತುಸು ಸರಿದು ಅದಕ್ಕೆ ಜಾಗ ಮಾಡಿಕೊಡುತ್ತಿತ್ತು, ಅಷ್ಟೆ.

"ಅತ್ತಿ ಆರಾಮದಾಳ್ರೀ ಅಕ್ಕೋರ," ಎಂದ ಹುಸೇನಪೀರ, ಅವಳ ಮುಖ ನೋಡಿ. "ಆರಾಮದಾಳ ಅನ್ನಾಕೂ ಬರಂಗಿಲ್ಲ. ತಿರಗಾಕತ್ಯಾಳ."

"ಎಲ್ಲಿ?"

"ಕೆನಾಲ ದಂಡಿಗುಂಟ. ಕ್ಯಾಂಪಿಂದ ಕ್ಯಾಂಪಿಗೆ ಹೋಗಿ, ಆ ಹುಡುಗಿ ಎಲ್ಲದಾಳ ಅಂತ ಕೇಳಾಕತ್ಯಾಳ."

"ಯಾವ ಹುಡುಗಿ?"

ಹುಸೇನಪೀರ ಚಪ್ಪಲಿಯ ತುದಿಯಿಂದ ನೆಲ ಕೆರೆದ. "ನಿಮ್ಮ ಕತಿಯಾಗಿನ ಹುಡುಗಿರೀ."

ಆದೆಮ್ಮನ ಗಂಡ ಹಂಪಯ್ಯ ಪೋತ್ನಾಳದಲ್ಲಿ ಪ್ರೈಮರಿ ಶಾಲೆಯ ಮಾಸ್ತರನಾಗಿದ್ದ. ಅವಳಿಗೆ ದೇವದುರ್ಗದಲ್ಲಿ ನೌಕರಿ. ಶನಿವಾರ ಹೋಗಿ ಸೋಮವಾರ ಬರುವ ಸಂಸಾರ. ಎರಡು ವರ್ಷದ ಹಿಂದೆ ಭಾದ್ರಪದದಲ್ಲಿ ಒಂದು ಗುರುವಾರ, ಶಾಲೆ ಬಿಟ್ಟ ಮೇಲೆ ಹಂಪಯ್ಯ ಕಾಲುವೆಯ ಕಡೆ ಹೋದ. ಮೆಟ್ಟಿಲ ಮೇಲೆ ಅವನ ಅಂಗಿ, ಚಪ್ಪಲಿ ಸಿಕ್ಕವು. ಹೆಣ ಎರಡು ದಿನ ಬಿಟ್ಟು ಕೆಳಗಿನ ತೂಬಿನ ಬಾಯಿಗೆ ಬಂದು ನಿಂತಿತು. ಅವನು ನೀರಿಗಿಳಿದದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಕಾಣದವರು ಮಾತ್ರ ಬಹಳ ಮಂದಿ ಇದ್ದರು. ಕುಡಿದಿದ್ದ ಅಂದರು. ಹೆಂಡತಿ ಪರವೂರಲ್ಲಿ ನೌಕರಿ ಹಿಡಿದು ಕೂತಳು, ಮನಸ್ಸಿಗೆ ಹಚ್ಚಿಕೊಂಡ ಅಂದರು. ಯಾರೋ ನೂಕಿದರು ಅಂತಲೂ ಅಂದರು. ಅವನ ತಾಯಿ ಮೂಕಮ್ಮ ದಿನಾ ನೀರಿಗೆ ಹೋಗುವಾಗ ಈ ಮಾತುಗಳ ನಡುವೆಯೇ ಕೊಡ ಹೊತ್ತು ಹಾಯಬೇಕಾಗಿತ್ತು.

ಆದೆಮ್ಮ ವರ್ಷಕ್ಕೊಂದೋ ಎರಡೋ ಕತೆ ಬರೆಯುವವಳು. ಈ ಸಲ ರಾಯಚೂರಿನ ಒಂದು ವಾರಪತ್ರಿಕೆಯವರು ದೀಪಾವಳಿ ಸಂಚಿಕೆಗೆ ಬೇಕೇ ಬೇಕೆಂದು ಕೇಳಿದಾಗ ನಾಲ್ಕು ಪುಟ ಬರೆದು ಕೊಟ್ಟಳು. ಅದರಲ್ಲಿ ಒಬ್ಬ ಮಾಸ್ತರ. ಕಾಲುವೆಯ ನೀರಿಗೆಂದು ಹೊರಗಿನಿಂದ ಬಂದ ರೈತರು ನೆಲೆನಿಂತ ಕ್ಯಾಂಪಿನಿಂದ, ಹೊಲದಲ್ಲಿದ್ದ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ಒಬ್ಬ ಹುಡುಗಿ, ಜಡೆಗೆ ಕೆಂಪು ರಿಬ್ಬನ್. ಹುಡುಗಿ ಕಾಲು ಜಾರಿ ಕಾಲುವೆಗೆ ಬೀಳುತ್ತಾಳೆ. ಮಾಸ್ತರ ಮೀನಿನಂತೆ ಹಾರಿ ಅವಳನ್ನು ದಂಡೆಗೆ ಎತ್ತಿಹಾಕಿ ತಾನು ಮುಳುಗುತ್ತಾನೆ. ಕೊನೆಗೆ ಹಸಿರು ನೀರಿನ ಮೇಲೆ ಕೆಂಪು ರಿಬ್ಬನ್ ತೇಲುತ್ತದೆ. ಮೆಚ್ಚಿ ಕಾರ್ಡು ಬರೆದವರಿದ್ದರು. ಎಂಥ ಸಂಯಮ, ಎಂದು ಬರೆದಿದ್ದರು ಒಬ್ಬರು.

"ಓದಿ ಹೇಳಿದಾಂವ ನಾನ," ಎಂದ ಹುಸೇನಪೀರ. "ಹೋಟ್ಲದಾಗ ಕುಂತವರು, ನಮ್ಮೂರ ಸೊಸಿ ಬರದದ್ದು ಓದಲೇ ಅಂದ್ರು. ನಿಮ್ಮ ಅತ್ತಿ ಬೆಲ್ಲ ಒಯ್ಯಾಕ ಬಂದಾಕಿ ನಿಂತು ಕೇಳಿದಳು. ಮುಗದ ಮ್ಯಾಲೆ, ಇನ್ನೊಮ್ಮಿ ಓದಪಾ ಅಂದಳು. ಓದಿದೆ. ಬೆಲ್ಲ ಅಲ್ಲೇ ಬಿಟ್ಟು ಹೋದಳು."

"ಅದು ಕತಿ ಹುಸೇನಪೀರ. ನಾನು ಯಾರ ಹೆಸರೂ ಬರದಿಲ್ಲ."

"ಅಲ್ಲೇ ಗೊತ್ತಾತಲ್ರೀ. ಕತಿಯಾಗ ಹುಡುಗಿ ಅಪ್ಪಗ ಹೆಸರದ, ಆತನ ಎತ್ತಿಗೂ ಹೆಸರದ. ಮಾಸ್ತರಗ ಮಾತ್ರ ಇಲ್ಲ. ಬರೇ ಅವರು, ಅವರು. ಹೆಣ್ಣಮಗಳು ಯಾರ ಹೆಸರು ಹೇಳಂಗಿಲ್ಲ ಅಂತ ಪೋತ್ನಾಳದಾಗ ಕೂಸಿಗೂ ಗೊತ್ತದ."

ಧಾರವಾಡದಲ್ಲಿ ಎಂ.ಎ. ಮಾಡಿದವಳು ಆದೆಮ್ಮ. ಗಂಡನ ಹೆಸರು ಹೇಳಬಾರದೆಂಬುದನ್ನು ನಂಬಿದವಳಲ್ಲ. ಆದರೂ ಬರೆಯುವಾಗ ಆ ಜಾಗಕ್ಕೆ ಬಂದರೆ ಪೆನ್ನು ತಾನಾಗಿ ಪಕ್ಕಕ್ಕೆ ಹೋಗುತ್ತಿತ್ತು. ಯಾವುದಾದರೂ ಒಂದು ಹೆಸರಿಟ್ಟಿದ್ದರೆ, ಸೂಗಪ್ಪ ಎಂದೋ ಮತ್ತೊಂದೋ ಬರೆದಿದ್ದರೆ, ಅದು ಕತೆಯಾಗಿ ಉಳಿಯುತ್ತಿತ್ತು. ಹೆಸರು ಬಿಟ್ಟದ್ದರಿಂದಲೇ ಅದು ಸುದ್ದಿಯಾಯಿತು.

ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ. ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಹೇಳಿದರಷ್ಟೇ ಒಳಗೆ ಬಿಡುವುದು ಅಂದಿದ್ದರು. ಗಂಡನ ಹೆಸರನ್ನು ಪ್ರಾಸಕ್ಕೆ ಸೇರಿಸಿ ಹೇಳಿದರೆ ದೋಷವಿಲ್ಲ. "ಕಾಲೇಜ ಕಲತಾಕಿ, ಮಂದಿ ಹೇಳಿದ್ದ ಹೇಳಬ್ಯಾಡ, ನಿಂದ ಸ್ವಂತದ್ದು ಕಟ್ಟು" ಎಂದು ಕೆಣಕಿದ್ದರು. ಅವಳು ನಿಂತಲ್ಲೇ ಕಟ್ಟಿದ್ದಳು: "ಗದ್ದಿ ತುಂಬ ತೂಗತಾವ ನೆಲ್ಲಿನ ತೆನಿ, ಹಂಪಯ್ಯನ ಹೆಸರ ಹೇಳಿ ತುಂಬತೀನಿ ಮನಿ." ಹೆಂಗಸರು ನಕ್ಕು ದಾರಿ ಬಿಟ್ಟಿದ್ದರು. ಗಂಡ ಸತ್ತವಳಿಗೆ ಯಾರೂ ಒಡಪು ಕೇಳುವುದಿಲ್ಲ.

"ಹ್ವಾದ ವಾರ ಒಂದು ಕ್ಯಾಂಪಿನಾಗ ಯಾರದೋ ಹುಡುಗಿ ಕೈ ಹಿಡಕೊಂಡಾಳ," ಹುಸೇನಪೀರ ದನಿ ಇಳಿಸಿದ. "ರಿಬ್ಬನ್ ಕಟ್ಟಾಕ ಹೋಗ್ಯಾಳ. ಆಂಧ್ರದ ಕಡಿಯಿಂದ ಬಂದ ಮಂದಿ, ಅವರಿಗೆ ಈಕಿ ಮಾತು ತಿಳಿಯಂಗಿಲ್ಲ. ಮಕ್ಕಳ ಕದಿಯಾಕಿ ಅಂತ ತಿಳದು ರಟ್ಟಿ ಹಿಡದು ರೋಡಿಗೆ ತಂದು ಬಿಟ್ಟಾರ. ಇನ್ನೊಮ್ಮಿ ಹ್ವಾದ್ರ ಕೈ ಎತ್ತತಾರ. ನಾ ಹೇಳಿದ್ರ ಕೇಳವಲ್ಲಳು. ನೀವ ಹುಟ್ಟಸೀರಿ, ನೀವ ಬಂದು ಏನರ ಮಾಡ್ರಿ."

ಶನಿವಾರ ಆದೆಮ್ಮ ಹೊರಟದ್ದು ನೇರ ಪೋತ್ನಾಳಕ್ಕಲ್ಲ. ಸುತ್ತು ಹಾಕಿ ರಾಯಚೂರಿಗೆ ಹೋದಳು. ಕೋಟೆಯ ಪಕ್ಕದ ಓಣಿಯಲ್ಲಿ, ಬಿ.ಎ.ದಲ್ಲಿ ಅವಳಿಗೆ ಕನ್ನಡ ಕಲಿಸಿದ ಭಾಗೀರಥಿಬಾಯಿ ಇದ್ದರು. ಅವಳು ಬರೆದದ್ದನ್ನೆಲ್ಲ ಮೊದಲು ಓದುವವರು ಅವರೇ. ಈ ಕತೆಯನ್ನೂ ಓದಿ, ರಿಬ್ಬನ್ ಬರುವ ಸಾಲಿನ ಪಕ್ಕ ಪೆನ್ಸಿಲಿನಲ್ಲಿ "ಇದು ಯಾರದು?" ಎಂದಷ್ಟೇ ಬರೆದು ಮರಳಿ ಕೊಟ್ಟಿದ್ದರು. ಆದೆಮ್ಮನಿಗೆ ಅದರ ಅರ್ಥವಾಗಿರಲಿಲ್ಲ. ಗುರುತನ್ನು ರಬ್ಬರಿನಿಂದ ಅಳಿಸಿ ಕತೆಯನ್ನು ಅಂಚೆಗೆ ಹಾಕಿದ್ದಳು.

ಬಾಯಿಯವರು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಆದೆಮ್ಮ ಯಾವಾಗಲೂ ಕೂರುವ ಕಟ್ಟೆಯ ತುದಿಯಲ್ಲಿ ಕೂತಳು. ಇಷ್ಟು ವರ್ಷದ ಒಡನಾಟದಲ್ಲಿ ಅವಳು ಪಡಸಾಲೆಯ ಆಚೆಯ ಹೊಸ್ತಿಲು ದಾಟಿದವಳಲ್ಲ, ಆ ಮಾತನ್ನು ಇಬ್ಬರೂ ಎತ್ತಿದವರಲ್ಲ. ಅದನ್ನೂ ಆದೆಮ್ಮ ಎಲ್ಲಿಯೂ ಬರೆದಿರಲಿಲ್ಲ.

ನಡೆದದ್ದನ್ನೆಲ್ಲ ಹೇಳಿ, "ಇನ್ನೊಂದು ಕತಿ ಬರೀಬೇಕಂತ ಮಾಡೀನ್ರೀ" ಎಂದಳು. "ಆ ಹುಡುಗಿ ತಾಯಿ ತಂದಿ ಕ್ಯಾಂಪ ಬಿಟ್ಟು ದೂರ ಹೋದ್ರು ಅಂತ. ಹುಸೇನಪೀರ ಓದಿ ಹೇಳತಾನ. ಅತ್ತಿ ತಿರಗೋದು ನಿಂದರತದ."

"ಛಲೋ ಆತು. ಮೊದಲನೇ ಸುಳ್ಳಿನ ಬಾಣಂತನಕ್ಕ ಎರಡನೇದನ್ನ ಕರಸೋದು."

"ಕತಿ ಅಂದ್ರ ಸುಳ್ಳೇನ್ರೀ ಬಾಯಾರ?"

"ಕತಿ ಸುಳ್ಳಲ್ಲವಾ. ನಿಂದು ಸುಳ್ಳು." ಬಾಯಿಯವರು ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದರು. "ರಿಬ್ಬನ್ ಕೆಂಪು ಯಾಕ ಮಾಡಿದಿ?"

"ಹಸರು ನೀರಿನ್ಯಾಗ ಎದ್ದು ಕಾಣತದ ಅಂತ."

"ಭಾದ್ರಪದದಾಗ ಕೆನಾಲ ನೀರು ಹಸರು ಇರತದೇನು?"

ಗಂಡನ ಹೆಣ ತೆಗೆದ ದಿನ ಆದೆಮ್ಮ ಆ ನೀರಿನ ಪಕ್ಕದಲ್ಲೇ ನಿಂತಿದ್ದಳು. ಕೆಮ್ಮಣ್ಣು ಕದಡಿ, ಹಾಲು ಹಾಕಿದ ಚಹಾದ ಬಣ್ಣ. ಹೆಣದ ಕಿವಿಯೊಳಗೂ ಅದೇ ಮಣ್ಣಿತ್ತು.

"ನಿನ್ನ ಗಂಡ ಹ್ಯಾಂಗ ಹೋದ, ನಿನಗ ಗೊತ್ತದ?"

"ಇಲ್ಲರೀ."

"ಹಂಗಂತ ನೀ ಎಲ್ಲೆ ಬರದಿ? ಗೊತ್ತಿಲ್ಲದ ಜಾಗಾ ಬಂದ ಕೂಡಲೆ ನಿನಗ ಅಂಜಿಕಿ ಆಗತದ. ಅಲ್ಲೊಂದು ಚಂದನ್ನ ಮಾತು ತುರಕತೀ. ಹಿಂದಿನ ಕತಿಗಳಾಗೂ ಅದ ಮಾಡೀದಿ, ಯಾರಿಗೂ ಪೆಟ್ಟಾಗಿರಲಿಲ್ಲ, ಅಷ್ಟ. ಗೊತ್ತಿಲ್ಲ ಅನ್ನೋದೂ ಒಂದು ವಾಕ್ಯನ ಆದೆಮ್ಮ. ಮೊದಲ ಅದನ್ನ ಬರಿಯೋದು ಕಲಿ. ಉಳದದ್ದು ಆಮ್ಯಾಲೆ."

ಪೋತ್ನಾಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆದೆಮ್ಮ ತಾನು ಬರೆದದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿದಳು. ಅವಳ ಕತೆಗಳಲ್ಲಿ ಯಾರಾದರೂ ನಿಜ ಹೇಳಲು ಬಾಯಿ ತೆರೆದರೆ ಸರಿಯಾಗಿ ಆಗಲೇ ಗಾಳಿ ಬೀಸುತ್ತಿತ್ತು, ಇಲ್ಲವೇ ಒಂದು ಹಕ್ಕಿ ಹಾರಿಹೋಗುತ್ತಿತ್ತು. ತವರು ಅರಕೇರಾದಲ್ಲಿ ಅವಳ ತಾಯಿ ಮಂದಿಯ ಹೊಲದಲ್ಲಿ ಕಳೆ ಕಿತ್ತು ಬಂದು ಕೈಯನ್ನು ನೀರಲ್ಲಿ ಅದ್ದಿ ಕೂರುತ್ತಿದ್ದಳು. ಕತೆಯಲ್ಲಿ ಆ ಕೈಗಳು ಹಸಿರಾಗಿದ್ದವೇ ಹೊರತು ಉರಿಯುತ್ತಿರಲಿಲ್ಲ. ಓದಿದವರು ಸಂಯಮ ಅಂದರು. ಕಡಿಮೆ ಮಾತಾಡುವವಳನ್ನು ಜನ ಗಂಭೀರಳೆಂದು ತಿಳಿಯುವ ಹಾಗೆ ಅದು. ಒಳಗೆ ಇದ್ದದ್ದು ಬರೀ ಪುಕ್ಕಲುತನ. ಸತ್ತವನಿಗೆ ಒಂದು ಒಳ್ಳೆಯ ಸಾವು ಕೊಟ್ಟು ಕೈ ತೊಳೆದುಕೊಂಡಿದ್ದಳು. ಬದುಕಿದ್ದಾಗಿನ ಅವನು, ಊಟಕ್ಕೆ ಕೂತು ಬೇಸರವಾದರೆ ಮಾತಿಲ್ಲದೆ ತಟ್ಟೆ ಸರಿಸುತ್ತಿದ್ದವನು, ಹಲಗೆಯ ಮೇಲೆ ಚಂದದ ಅಕ್ಷರ ಬರೆದು ತಾನೇ ಹಿಂದೆ ಸರಿದು ನೋಡುತ್ತಿದ್ದವನು, ಆ ನಾಲ್ಕು ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಮೂಕಮ್ಮ ಮನೆಯ ಕಟ್ಟೆಯ ಮೇಲೆ ಕೂತು ಒಡೆದ ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಡಿಲಲ್ಲಿ ಸಂತೆಯಿಂದ ತಂದ ಕೆಂಪು ರಿಬ್ಬನ್ನಿನ ಸುರುಳಿಗಳಿದ್ದವು.

"ಬಂದೇನವ್ವಾ," ಎಂದಳು. ಇಷ್ಟು ಮೆತ್ತಗೆ ಅವಳು ಸೊಸೆಯನ್ನು ಎಂದೂ ಮಾತಾಡಿಸಿದವಳಲ್ಲ. "ಛಲೋ ಬರದಿ ಬೇ. ಹಡದಾಕಿ ನನಗ ಗೊತ್ತಿರಲಿಲ್ಲ, ನಿನಗ ಹ್ಯಾಂಗ ಗೊತ್ತಾತು? ಕನಸನ್ಯಾಗ ಬಂದು ಹೇಳಿದ್ನೇನು?"

ಆದೆಮ್ಮ ಚೀಲ ಕೆಳಗಿಟ್ಟಳು.

"ಈಗ ನೀರಿಗೆ ಹ್ವಾದ್ರ ಎಲ್ಲಾರೂ ಸರದು ಜಾಗಾ ಬಿಡತಾರ," ಮೂಕಮ್ಮ ಹೇಳುತ್ತಲೇ ಇದ್ದಳು. "ಕುಡದಿದ್ದ ಅಂತ ಒಬ್ಬರೂ ಅನ್ನಂಗಿಲ್ಲ. ಆ ಹುಡುಗೀನ ಒಮ್ಮಿ ನೋಡಿದ್ರ ಸಾಕವ್ವಾ. ಅದರ ಮೈಯಾಗ ಅವನ ಕೈ ತಾಗೇದಲ್ಲ. ಆ ರಟ್ಟಿ ಒಂದೀಟು ಮುಟ್ಟಿ ಬರತೀನಿ. ನಾಳೆ ನೀನೂ ಬಾ. ನಿನಗ ಗುರುತು ಗೊತ್ತಿರತದ."

ಆ ರಾತ್ರಿ ಆದೆಮ್ಮನಿಗೆ ಹೇಳಲಾಗಲಿಲ್ಲ. ಬೆಳಿಗ್ಗೆ ಅತ್ತೆಯ ಹಿಂದೆ ಕಾಲುವೆಯ ದಂಡೆ ಹಿಡಿದಳು. ಮೂಕಮ್ಮ ಕುಂಟುತ್ತಿದ್ದಳು, ಆದರೂ ಮುಂದೆ ಇದ್ದಳು. ಅಂಗಿ, ಚಪ್ಪಲಿ ಸಿಕ್ಕಿದ್ದ ಮೆಟ್ಟಿಲಿಗೆ ಬಂದರೆ ಕ್ಯಾಂಪಿನ ಮನೆಗಳು ಕಾಣುತ್ತವೆ. ಅಂಗಳದಲ್ಲಿ ನೆಲ್ಲು ಒಣಹಾಕುತ್ತಿದ್ದ ಹೆಂಗಸೊಬ್ಬಳು ಮೂಕಮ್ಮನನ್ನು ದೂರದಿಂದಲೇ ಕಂಡು, ಆಡುತ್ತಿದ್ದ ಮಗಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಬಣವೆಯ ಹತ್ತಿರವಿದ್ದ ಇಬ್ಬರು ಗಂಡಸರು ಕೆಲಸ ಬಿಟ್ಟು ಎದ್ದು ನಿಂತರು.

ಆದೆಮ್ಮ ಅತ್ತೆಯ ಸೆರಗು ಹಿಡಿದು ನಿಲ್ಲಿಸಿದಳು.

"ಅತ್ತಿ, ಆ ಹುಡುಗಿ ಇಲ್ಲ."

"ಸತ್ತಳೇನು?"

"ಹುಟ್ಟೇ ಇಲ್ಲ. ಕತಿಗೆ ಬೇಕಾಗಿತ್ತು ಅಂತ ನಾ ಹುಟ್ಟಿಸಿದ್ದು."

ಮೂಕಮ್ಮ ಅವಳನ್ನೇ ನೋಡಿದಳು. ತಿಳಿಯಲು ಹೊತ್ತು ಹಿಡಿಯಿತು. ತಿಳಿದ ಮೇಲೆ ಮೆಟ್ಟಿಲ ಮೇಲೆ ಕೂತಳು.

"ಮತ್ತ ಅಂವ ನೀರಿಗೆ ಯಾಕ ಇಳದ?"

"ಗೊತ್ತಿಲ್ಲ."

"ಕುಡದಿದ್ನೇನು?"

"ಗೊತ್ತಿಲ್ಲ."

"ಜೀವ ಬ್ಯಾಡಾಗಿತ್ತೇನು ಅವಗ?"

"ಗೊತ್ತಿಲ್ಲ ಅತ್ತಿ. ನಾ ಇಲ್ಲಿ ಇರಲಿಲ್ಲ. ಯಾರೂ ಇರಲಿಲ್ಲ."

"ಹಂಗಾರ ನಿನಗ ಏನ ಗೊತ್ತದ? ಅಷ್ಟು ಓದೀದಿ. ಅವನ ಕೂಡ ಬಾಳೇವು ಮಾಡೀದಿ. ಏನರ ಒಂದು ಗೊತ್ತಿರಬೇಕಲ್ಲ. ಅದನ್ನ ಹೇಳು."

ಗೊತ್ತಿದ್ದದ್ದನ್ನು ಹೆಸರಿಲ್ಲದೆ ಹೇಳಲು ಬರುವಂತಿರಲಿಲ್ಲ. ಆದೆಮ್ಮ ನೀರನ್ನು ನೋಡಿದಳು. ಈ ತಿಂಗಳಲ್ಲಿ ಅದು ತಿಳಿಯಾಗಿತ್ತು, ಬಣ್ಣವೇ ಇರಲಿಲ್ಲ.

"ಹಂಪಯ್ಯಗ ಈಜು ಬರ್ತಿರಲಿಲ್ಲ," ಎಂದಳು.

ಸೊಸೆಯ ಬಾಯಲ್ಲಿ ಮಗನ ಹೆಸರು ಕೇಳಿ ಮೂಕಮ್ಮ ಚುರುಕ್ಕನೆ ತಲೆ ಎತ್ತಿದಳು. ಬೈಯಲಿಲ್ಲ.

"ಅದು ನನಗ ಗೊತ್ತಿಲ್ಲೇನು? ಸಣ್ಣಾಂವ ಇದ್ದಾಗ ಹಳ್ಳಕ್ಕ ಕರಕೊಂಡು ಹ್ವಾದ್ರ ಕೊಳ್ಳಿಗೆ ಜೋತು ಬೀಳತಿದ್ದ. ಹುಸೇನಪೀರ ಓದುವಾಗ, ಮೀನ ಹಾರಿದಂಗ ಹಾರಿದ ಅಂದಾಗ, ಅಯ್ಯ, ಇಷ್ಟು ತಪ್ಪು ಬರದಾಳಲ್ಲ ಅನ್ಕೊಂಡೆ. ಆಮ್ಯಾಲೆ ತಿಳೀತು. ಈಜು ಬರದಾಂವ, ನೀರಂದ್ರ ಅಂಜಾಂವ, ಹುಡುಗಿ ಸಲುವಾಗಿ ಇಳದನಲ್ಲ. ಮೀನ ಹಾರಿದಂಗಲ್ಲ, ಕಲ್ಲು ಬಿದ್ದಂಗ ಬಿದ್ದಾನ. ಅಷ್ಟು ಧೈರ್ಯ ಇತ್ತೇನು ನನ್ನ ಮಗಗ ಅಂತ ದಿನಾ ನಡದೆ."

ಆದೆಮ್ಮ ಬರೆದದ್ದಕ್ಕಿಂತ ದೊಡ್ಡ ಕತೆಯೊಂದನ್ನು ಈ ಮುದುಕಿ ಕಾಲಿನಲ್ಲಿ ಬರೆದಿದ್ದಳು. ಅದನ್ನೂ ಸೊಸೆ ತನ್ನ ಕೈಯಾರೆ ಅಳಿಸಿದ್ದಾಯಿತು.

ಮೂಕಮ್ಮ ಮೊಣಕಾಲು ಹಿಡಿದು ಎದ್ದಳು. "ನನಗ ಹೇಳಿದ್ರ ಮುಗೀತೇನು? ಊರಿಗೆ ಹೇಳಿದ್ದಿ. ಊರಿಗೇ ಹೇಳು ನಡಿ."

ಹುಸೇನಪೀರನ ಹೋಟೆಲಿನಲ್ಲಿ ಹೆಂಗಸರು ಕೂರುವುದಿಲ್ಲ. ಆದೆಮ್ಮ ಹೊರಗೆ ತಗಡಿನ ಕೆಳಗೆ ನಿಂತಳು. ಮೂಕಮ್ಮ ರಸ್ತೆಯ ಆಚೆ ನಿಂತಳು. ಹುಸೇನಪೀರ ಇಬ್ಬರನ್ನೂ ನೋಡಿ ರೇಡಿಯೋ ಬಂದ್ ಮಾಡಿದ. ಬೆಂಚಿನ ಮೇಲಿದ್ದವರು ತಿರುಗಿದರು.

"ಹಂಪಯ್ಯ ಯಾವ ಹುಡುಗೀನೂ ಉಳಸಲಿಲ್ಲ," ಎಂದಳು ಆದೆಮ್ಮ. "ಅದು ನಾ ಕಟ್ಟಿದ್ದು. ಅವರು ಹ್ಯಾಂಗ ಹೋದ್ರು ಅಂತ ನನಗ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ."

ಲಾರಿಯೊಂದು ಹಾದುಹೋಯಿತು. ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ತಾಯಣ್ಣ ನಕ್ಕ. "ನಾ ಮೊದಲ ಅಂದಿರಲಿಲ್ಲೇನು? ಕುಡದಿದ್ದ ಮಾಸ್ತರ."

"ನೀ ನೋಡಿದ್ಯೇನಣ್ಣ?" ಎಂದಳು ಆದೆಮ್ಮ.

"ಮಂದಿ ಅಂದದ್ದು..."

"ನೀ ನೋಡಿದ್ಯೇನು?"

ತಾಯಣ್ಣ ಹುಸೇನಪೀರನ ಕಡೆ ನೋಡಿದ. ಹುಸೇನಪೀರ ಗ್ಲಾಸು ಒರೆಸುತ್ತಿದ್ದ. "ನೋಡಿಲ್ಲ ಖರೆ," ಎಂದ ತಾಯಣ್ಣ.

"ನೋಡಿಲ್ಲ ಅಂತ ಅಷ್ಟ ಹೇಳು ಮತ್ತ."

ಮನೆಯ ಬಾಗಿಲ ಹತ್ತಿರ ಮೂಕಮ್ಮ ನಿಂತು, ಸೊಸೆಯನ್ನು ನೋಡದೆ, "ಇಷ್ಟು ದಿನ ಹುಡುಕಾಕ ಒಬ್ಬಾಕಿ ಇದ್ದಳು. ಈಗ ನಾ ಯಾರನ್ನ ಹುಡುಕಲಿ?" ಎಂದಳು.

ಗಾಳಿ ಬೀಸಲಿಲ್ಲ. ಮೂಕಮ್ಮ ಒಳಗೆ ಹೋಗಿ, "ಮಧ್ಯಾಹ್ನದ ಬಸ್ಸಿಗೆ ಹೊತ್ತಾತು" ಎಂದಳು.

ಮುಂದಿನ ಶನಿವಾರ ಆದೆಮ್ಮ ಹೋದಳು, ಅದರ ಮುಂದಿನದೂ ಹೋದಳು. ಮೂಕಮ್ಮ ತಿರುಗುವುದನ್ನು ಬಿಟ್ಟಿದ್ದಳು. ಹಿಮ್ಮಡಿ ಮಾಯ್ದಿತ್ತು. ನೀರಿಗೆ ಹೋದರೆ ಈಗ ಯಾರೂ ಜಾಗ ಬಿಡುವುದಿಲ್ಲ, ಕುಡಿದಿದ್ದ ಎಂದು ಎದುರಿಗೆ ಅನ್ನುವುದೂ ಇಲ್ಲ. ಅತ್ತೆ ಸೊಸೆಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಸೊಸೆಯೂ ಕೇಳಲಿಲ್ಲ. ಹಿತ್ತಿಲಲ್ಲಿ ಜಾಲಿ ಕಟ್ಟಿಗೆಯ ಹೊರೆಗಳನ್ನು ಗೋಡೆಗೆ ಆನಿಸಿಟ್ಟಿತ್ತು. ಒಂದೊಂದು ಹೊರೆಯನ್ನೂ ಹಗ್ಗದ ಬದಲು ಕೆಂಪು ರಿಬ್ಬನ್ನಿನಿಂದ ಬಿಗಿದು ಕಟ್ಟಿದ್ದಳು ಮೂಕಮ್ಮ. ಮುಳ್ಳು ತಾಗಿ ಅಲ್ಲಲ್ಲಿ ಎಳೆ ಬಿಟ್ಟಿತ್ತು, ಬಿಸಿಲಿಗೆ ಬಣ್ಣ ಹೋಗುತ್ತಿತ್ತು.

ದೇವದುರ್ಗಕ್ಕೆ ಬಂದ ಮೇಲೆ ಆದೆಮ್ಮ ಕಾಗದ ತೆಗೆದು, ಹಂಪಯ್ಯನಿಗೆ ಈಜು ಬರುತ್ತಿರಲಿಲ್ಲ, ಎಂದು ಬರೆದಳು. ಅದರ ಕೆಳಗೆ ಕಟ್ಟಿಗೆಯ ಹೊರೆಯನ್ನು, ಅದಕ್ಕೆ ಕಟ್ಟಿದ ರಿಬ್ಬನ್ನನ್ನು ಬರೆದಳು. ಅದು ಯಾರದು ಎಂದು ಬಾಯಿಯವರು ಕೇಳಿದರೆ ಈ ಸಲ ಅವಳಿಗೆ ಗೊತ್ತಿತ್ತು.